ಹಳೆಯ ಕಲ್ನಾರು ಶೀಟಿನ ಮಾಡು: ಕೈ ಹಚ್ಚುವ ಮುನ್ನ ತಿಳಿಯಬೇಕಾದ ಸಂಗತಿಗಳು



ಕಾಫಿ ಕುಯ್ಲು ಮುಗಿದು ಕಣ ಖಾಲಿಯಾಗಿ, ಅಡಿಕೆಯೂ ಒಣಗಿ ಮೂಟೆಗೆ ಸೇರಿದ ಮೇಲೆ ನಮ್ಮ ಮಲೆನಾಡಿನಲ್ಲಿ ಮಾಡಿನ ಕೆಲಸದ ಕಾಲ ಬರುತ್ತದೆ. ಮಳೆ ಹಿಡಿಯುವುದರೊಳಗೆ ಗೋದಾಮು, ಕೊಟ್ಟಿಗೆ, ಬಚ್ಚಲುಮನೆ, ಲೈನ್ ಮನೆ, ಅಡಿಕೆ ಬೇಯಿಸುವ ಒಲೆಯ ಚಪ್ಪರ ಎಲ್ಲದರ ತಲೆಯ ಮೇಲೂ ಒಮ್ಮೆ ಕೈಯಾಡಿಸಬೇಕು. ಬಿರುಕು ಬಿಟ್ಟ ಶೀಟು ಬದಲಿಸುವುದು, ಪಾಚಿ ಉಜ್ಜಿ ತೆಗೆಯುವುದು, ಸಡಿಲವಾದ ಬೋಲ್ಟಿಗೆ ಹೊಸ ತೂತು ಕೊರೆಯುವುದು, ಇವೆಲ್ಲ ವರ್ಷವರ್ಷದ ಕೆಲಸಗಳು. ಈ ಕೆಲಸಗಳಲ್ಲಿ ಕಣ್ಣಿಗೆ ಕಾಣದ ಒಂದು ಅಪಾಯವಿದೆ. ಅದು ಏನು, ಅದನ್ನು ತಪ್ಪಿಸುವ ಬಗೆ ಹೇಗೆ ಎಂಬುದನ್ನು ಈ ಪಾಠದಲ್ಲಿ ವಿವರಿಸುತ್ತೇವೆ.

ಶೀಟಿನಲ್ಲಿ ಏನಿದೆ?

ನಾವು ಸಾಮಾನ್ಯವಾಗಿ ಸಿಮೆಂಟ್ ಶೀಟು ಎಂದು ಕರೆಯುವ ಬೂದುಬಣ್ಣದ, ಅಲೆಅಲೆಯಾದ ಹೊದಿಕೆಯ ಪೂರ್ಣ ಹೆಸರು ಆಸ್ಬೆಸ್ಟಾಸ್ ಸಿಮೆಂಟ್ ಶೀಟು. ಆಸ್ಬೆಸ್ಟಾಸ್ ಎಂಬುದಕ್ಕೆ ಕನ್ನಡದಲ್ಲಿ ಕಲ್ನಾರು ಎಂಬ ಸೊಗಸಾದ ಹೆಸರಿದೆ. ಕಲ್ಲೂ ಹೌದು, ನಾರೂ ಹೌದು. ಗಣಿಯಿಂದ ತೆಗೆದ ಈ ಕಲ್ಲನ್ನು ಬಡಿದರೆ ಹತ್ತಿಯಂತೆ ಎಳೆಎಳೆಯಾಗಿ ಬಿಡಿಸಿಕೊಳ್ಳುತ್ತದೆ. ಬೆಂಕಿಗೆ ಉರಿಯದು, ನೀರಿಗೆ ಕೊಳೆಯದು, ಗೆದ್ದಲಿಗೆ ಬಗ್ಗದು. ಇದರಲ್ಲಿ ಬಿಳಿ, ಕಂದು, ನೀಲಿ ಎಂಬ ಮುಖ್ಯ ಜಾತಿಗಳುಂಟು. ನಮ್ಮ ಶೀಟುಗಳಲ್ಲಿ ಹಾಕುವುದು ಹೆಚ್ಚಾಗಿ ಬಿಳಿಯ ಜಾತಿ, ಅಂದರೆ ಕ್ರೈಸೊಟೈಲ್. ಶೀಟಿನ ತೂಕದಲ್ಲಿ ಸುಮಾರು ಶೇಕಡಾ 8ರಿಂದ 10ರಷ್ಟು ಕಲ್ನಾರು. ಉಳಿದುದು ಸಿಮೆಂಟ್, ಹಾರುಬೂದಿ ಮುಂತಾದವು. ಮಣ್ಣಿನ ಗೋಡೆಗೆ ಹುಲ್ಲು ಕಲಸಿದಂತೆ, ಆರು ಮಿಲಿಮೀಟರ್ ದಪ್ಪದ ಸಿಮೆಂಟಿಗೆ ಬಲ ಕೊಡುವುದು ಈ ನಾರೇ.

ಅಡಿಕೆ ಸೋಗೆಯ ಮಾಡನ್ನು ವರ್ಷವರ್ಷವೂ ಹೊದೆಸಬೇಕಿತ್ತು. ಮಂಗಳೂರು ಹಂಚಿಗೆ ಹೆಚ್ಚು ಮರಮಟ್ಟು ಬೇಕು, ಮಂಗನ ಕಾಟ ಬೇರೆ. ಇವೆರಡರ ನಡುವೆ ಹಗುರವೂ ಅಗ್ಗವೂ ಆದ ಶೀಟು ಬಂದಾಗ ಮಲೆನಾಡಿನ ಸಣ್ಣ ಹಿಡುವಳಿದಾರನು ಅದನ್ನು ಒಪ್ಪಿದುದರಲ್ಲಿ ಆಶ್ಚರ್ಯವಿಲ್ಲ. ಇದು ನಮ್ಮಲ್ಲಿ ಮಾತ್ರ ನಡೆದ ಕಥೆಯಲ್ಲ. ದಕ್ಷಿಣ ಕೊರಿಯದಲ್ಲಿ 1970ರ ದಶಕದ ಗ್ರಾಮಾಭಿವೃದ್ಧಿ ಚಳವಳಿಯಲ್ಲಿ ಹುಲ್ಲಿನ ಮಾಡುಗಳನ್ನು ಕಿತ್ತು ಹಳ್ಳಿಹಳ್ಳಿಗೂ ಕಲ್ನಾರು ಹೊದಿಕೆ ಹಾಕಿಸಿದರು. 2009ರಲ್ಲಿ ಆ ದೇಶವು ಕಲ್ನಾರನ್ನು ನಿಷೇಧಿಸಿತು. ಮುಂದಿನ ದಶಕದಲ್ಲಿ ಅದೇ ಮಾಡುಗಳನ್ನು ಸರ್ಕಾರವೇ ಸಹಾಯಧನ ಕೊಟ್ಟು ಇಳಿಸಬೇಕಾಯಿತು.

ಧೂಳು ದೇಹದಲ್ಲಿ ಮಾಡುವ ಕೆಲಸ

ಶೀಟನ್ನು ಒಡೆದಾಗ, ಕೊಯ್ದಾಗ, ಉಜ್ಜಿದಾಗ ಏಳುವ ಧೂಳಿನಲ್ಲಿ ಕಲ್ನಾರಿನ ಎಳೆಗಳಿರುತ್ತವೆ. ನಮ್ಮ ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪವೆಂದಿಟ್ಟುಕೊಂಡರೆ, ಶ್ವಾಸಕೋಶದ ತಳ ಮುಟ್ಟುವ ಈ ಎಳೆಗಳ ದಪ್ಪ 3 ಮೈಕ್ರಾನಿಗಿಂತಲೂ ಕಡಿಮೆ. ಬರಿಗಣ್ಣಿಗೆ ಕಾಣುವುದಿಲ್ಲ, ಮೂಗಿನ ಕೂದಲಿಗೆ ಸಿಕ್ಕುವುದಿಲ್ಲ, ಗಂಟೆಗಟ್ಟಲೆ ಗಾಳಿಯಲ್ಲಿ ತೇಲುತ್ತವೆ. ಒಳಗೆ ಹೋದ ಎಳೆಗಳಲ್ಲಿ ಬಹಳಷ್ಟನ್ನು ದೇಹವು ಹೊರಗೆ ತಳ್ಳಿದರೂ ಕೆಲವು ಅಲ್ಲಿಯೇ ನೆಟ್ಟು ನಿಲ್ಲುತ್ತವೆ.

ಇದರಿಂದ ಬರುವ ಕಾಯಿಲೆಗಳು ಮುಖ್ಯವಾಗಿ ಮೂರು. ಮೊದಲನೆಯದು ಆಸ್ಬೆಸ್ಟೋಸಿಸ್. ಶ್ವಾಸಕೋಶವು ಗಾಯದ ಕಲೆಯಂತೆ ಗಟ್ಟಿಯಾಗಿ, ಏರು ಹತ್ತುವಾಗ ಉಸಿರು ಸಾಲದಾಗುತ್ತದೆ. ಇದು ಬಹಳ ವರ್ಷ ಬಹಳ ಧೂಳು ಕುಡಿದವರಿಗೆ ಬರುವಂಥದು. ಎರಡನೆಯದು ಶ್ವಾಸಕೋಶದ ಕ್ಯಾನ್ಸರ್. ಮೂರನೆಯದು ಮೀಸೊಥೀಲಿಯೋಮ, ಅಂದರೆ ಶ್ವಾಸಕೋಶವನ್ನೋ ಹೊಟ್ಟೆಯನ್ನೋ ಸುತ್ತಿರುವ ಪೊರೆಯ ಕ್ಯಾನ್ಸರ್. ಇದು ಕಡಿಮೆ ಧೂಳು ಸೇವಿಸಿದವರಲ್ಲಿಯೂ, ಕಲ್ನಾರು ಕೆಲಸಗಾರರ ಬಟ್ಟೆ ಒಗೆದ ಹೆಂಡತಿಯರಲ್ಲಿಯೂ ಕಂಡುಬಂದಿದೆ. 1960ರಲ್ಲಿ ವ್ಯಾಗ್ನರ್ ಎಂಬ ವೈದ್ಯರೂ ಅವರ ಸಂಗಡಿಗರೂ ದಕ್ಷಿಣ ಆಫ್ರಿಕದ ನೀಲಿ ಕಲ್ನಾರು ಗಣಿಗಳ ಸೀಮೆಯಿಂದ ಈ ಕಾಯಿಲೆಯ 33 ರೋಗಿಗಳ ವಿವರ ಪ್ರಕಟಿಸಿದಾಗ ಜಗತ್ತಿನ ಕಣ್ಣು ತೆರೆಯಿತು. ಇಂದು ವಿಶ್ವ ಆರೋಗ್ಯ ಸಂಸ್ಥೆಯು ಬಿಳಿಯದೂ ಸೇರಿದಂತೆ ಎಲ್ಲ ಜಾತಿಯ ಕಲ್ನಾರೂ ಕ್ಯಾನ್ಸರ್‌ಕಾರಕವೆಂದು ಹೇಳುತ್ತದೆ. ಕೆಲಸದ ಸ್ಥಳದಲ್ಲಿ ಸೇವಿಸಿದ ಕಲ್ನಾರಿನಿಂದ ವರ್ಷಕ್ಕೆ 2 ಲಕ್ಷಕ್ಕೂ ಹೆಚ್ಚು ಮಂದಿ ಸಾಯುತ್ತಾರೆಂಬುದು ಅದರ ಅಂದಾಜು.

ಈ ಕಾಯಿಲೆಗಳ ಗುಣವನ್ನು ನಮ್ಮ ಸದಸ್ಯರು ಚೆನ್ನಾಗಿ ಮನದಟ್ಟು ಮಾಡಿಕೊಳ್ಳಬೇಕು. ಮೈಲುತುತ್ತ ಕಣ್ಣಿಗೆ ಬಿದ್ದರೆ ಆಗಲೇ ಉರಿಯುತ್ತದೆ; ಸುಣ್ಣ ಕೈ ಸುಡುತ್ತದೆ; ಕೀಟನಾಶಕ ಮೂಗಿಗೆ ಹೊಡೆದರೆ ತಲೆ ತಿರುಗುತ್ತದೆ. ಕಲ್ನಾರಿನ ಧೂಳಿಗೆ ವಾಸನೆಯಿಲ್ಲ, ಉರಿಯಿಲ್ಲ, ಅಂದಿನ ರಾತ್ರಿ ಕೆಮ್ಮೂ ಇಲ್ಲ. ಕ್ಯಾನ್ಸರ್ ತಲೆದೋರುವುದು 20, 30, ಕೆಲವೊಮ್ಮೆ 40 ವರ್ಷಗಳ ಮೇಲೆ. 25ನೆಯ ವಯಸ್ಸಿನಲ್ಲಿ ನಮ್ಮ ಗೋದಾಮಿನ ಶೀಟು ಒಡೆದವನು 55ರಲ್ಲಿ ಎದೆನೋವೆಂದು ಆಸ್ಪತ್ರೆಗೆ ಹೋದರೆ, ಅವನಿಗೂ ಆ ದಿನ ನೆನಪಿರುವುದಿಲ್ಲ, ವೈದ್ಯರೂ ಕೇಳುವುದಿಲ್ಲ. ಇದುವರೆಗೆ ನಮ್ಮೂರಿನಲ್ಲಿ ಯಾರಿಗೂ ಏನೂ ಆಗಿಲ್ಲವೆಂಬ ಮಾತಿಗೆ ಹೆಚ್ಚು ಬೆಲೆ ಇಲ್ಲದಿರುವುದು ಇದೇ ಕಾರಣಕ್ಕೆ.

ಬೀಡಿ ಸಿಗರೇಟಿನೊಡನೆ ಈ ಧೂಳು ಸೇರಿದರೆ ಅಪಾಯ ಗುಣಿಸಿಕೊಳ್ಳುತ್ತದೆ. ಅಮೆರಿಕದ ಡಾ. ಸೆಲಿಕಾಫ್ ಮತ್ತು ಸಂಗಡಿಗರು 1979ರಲ್ಲಿ ಪ್ರಕಟಿಸಿದ ಪ್ರಸಿದ್ಧ ಅಧ್ಯಯನದಲ್ಲಿ ಎರಡರ ಸಹವಾಸವೂ ಇಲ್ಲದವರ ಸಾವನ್ನು 1 ಎಂದಿಟ್ಟುಕೊಂಡು ಶ್ವಾಸಕೋಶದ ಕ್ಯಾನ್ಸರಿನ ಲೆಕ್ಕ ಹಾಕಿದರು. ಕಲ್ನಾರಿನ ಕೆಲಸ ಮಾಡಿ ಸೇದದವರಲ್ಲಿ ಅದು 5 ಪಟ್ಟು. ಸೇದುವ ಆದರೆ ಕಲ್ನಾರು ಮುಟ್ಟದವರಲ್ಲಿ 11 ಪಟ್ಟು. ಎರಡೂ ಇದ್ದವರಲ್ಲಿ 53 ಪಟ್ಟು. ಅವರು ದಿನವೂ ಕಲ್ನಾರಿನಲ್ಲಿಯೇ ದುಡಿದ ಕಾರ್ಮಿಕರು, ನಿಜ. ಆದರೂ ಬೀಡಿ ಕಚ್ಚಿಕೊಂಡು ಮಾಡು ಹತ್ತುವ ಹುಡುಗನಿಗೆ ಈ ಲೆಕ್ಕ ಹೇಳಿಯೇ ಏಣಿ ಕೊಡಬೇಕು.

ಅಪಾಯ ಯಾವಾಗ, ಯಾವಾಗ ಅಲ್ಲ

ಇಷ್ಟು ಓದಿದ ಸದಸ್ಯರು ಗಾಬರಿಗೊಂಡು ನಾಳೆಯೇ ಶೀಟು ಕಿತ್ತು ಎಸೆಯಹೊರಟರೆ ಈ ಪಾಠದ ಉದ್ದೇಶವೇ ಕೆಟ್ಟಿತು. ಗಟ್ಟಿಯಾಗಿ ಕುಳಿತ, ಒಡೆಯದ ಶೀಟಿನಲ್ಲಿ ನಾರು ಸಿಮೆಂಟಿನೊಳಗೆ ಬಂಧಿಯಾಗಿರುತ್ತದೆ. ಅಂಥ ಮಾಡಿನ ಕೆಳಗೆ ಕುಳಿತುದರಿಂದ, ಮಲಗಿದುದರಿಂದ ಒಳಗೆ ಹೋಗುವುದು ಬಹಳ ಕಡಿಮೆ. ಅದನ್ನು ಬಿಡುಗಡೆ ಮಾಡುವುದು ನಮ್ಮ ಗರಗಸ, ಸುತ್ತಿಗೆ, ತಂತಿ ಬ್ರಷ್ಷು. ಧೂಳು ಎಷ್ಟು, ಎಷ್ಟು ದಿನ ಎಂಬುದರ ಮೇಲೆ ಅಪಾಯ ಏರುತ್ತದೆ. ಒಂದು ಸಲ ಒಂದು ಶೀಟು ಒಡೆದವನಿಗಿಂತ, ಊರೂರು ತಿರುಗಿ ವರ್ಷವೂ ಅದೇ ಕೆಲಸ ಮಾಡುವವನಿಗೆ ಅಪಾಯ ಹೆಚ್ಚು. ಆದರೆ ಇಷ್ಟಕ್ಕಿಂತ ಕಡಿಮೆಯಾದರೆ ಕ್ಯಾನ್ಸರ್ ಭಯವೇ ಇಲ್ಲವೆನ್ನುವ ಗಡಿಯನ್ನು ಯಾರೂ ಗುರುತಿಸಿಲ್ಲ. ಆದುದರಿಂದ ಸಾಧ್ಯವಾದಷ್ಟು ಕಡಿಮೆ ಮಾಡುವುದೇ ವಿವೇಕ.

ಇದೇ ನಿಯಮ ಹೊರದೇಶದ ಮನೆಗಳಿಗೂ ಸಲ್ಲುತ್ತದೆ. ಬ್ರಿಟನ್ ಮತ್ತು ಅಮೆರಿಕದ ಹಳೆಯ ಮನೆಗಳ ಒಳಮಾಳಿಗೆಗೂ ಗೋಡೆಗೂ ಉಬ್ಬುತಗ್ಗಿನ ಚಿತ್ತಾರದ ಲೇಪ ಬಳಿಯುತ್ತಿದ್ದರು. ಬ್ರಿಟನ್ನಿನ ಆರ್ಟೆಕ್ಸ್ ಲೇಪದಲ್ಲಿ 1980ರ ದಶಕದ ನಡುವಿನವರೆಗೂ ಬಿಳಿ ಕಲ್ನಾರು ಬೆರೆಯುತ್ತಿತ್ತು. ಅಮೆರಿಕದಲ್ಲಿ ಇಂಥ ಸಿಂಪರಣೆ ಲೇಪಕ್ಕೆ 1978ರಲ್ಲಿ ತಡೆ ಬಿತ್ತು. ಅಲ್ಲಿನವರಿಗೆ ಹೇಳುವುದೂ ಇಷ್ಟೇ: ಲೇಪ ಗಟ್ಟಿಯಾಗಿದ್ದರೆ ಕೆರೆಯಬೇಡಿ, ಕೊರೆಯಬೇಡಿ, ಪರೀಕ್ಷೆ ಮಾಡಿಸದೆ ಮುಟ್ಟಬೇಡಿ. ಸದಸ್ಯರ ಮಕ್ಕಳು ಆ ದೇಶಗಳಲ್ಲಿ ಹಳೆಯ ಮನೆ ಕೊಂಡು ದುರಸ್ತಿಗೆ ತೊಡಗಿದ್ದರೆ ಈ ಮಾತನ್ನು ಅವರಿಗೆ ತಿಳಿಸುವುದು ಒಳ್ಳೆಯದು.

ನಮ್ಮ ಮಳೆಯ ಪಾತ್ರವೂ ಇದರಲ್ಲಿದೆ. ಮೂವತ್ತು ನಲವತ್ತು ಮಳೆಗಾಲ ಕಂಡ ಶೀಟಿನ ಮೇಲ್ಮೈಯ ಸಿಮೆಂಟು ಸವೆದು ನಾರು ಹೊರಗೆ ಕಾಣಿಸಿಕೊಳ್ಳುತ್ತದೆ. ಪಾಚಿಯೂ ಹಾವಸೆಯೂ ಅದನ್ನು ಇನ್ನಷ್ಟು ಸಡಿಲಿಸುತ್ತವೆ. ಅಂಥ ಮುದಿ ಶೀಟನ್ನು ಮುಟ್ಟುವಾಗ ಹೊಸದಕ್ಕಿಂತ ಹೆಚ್ಚಿನ ಎಚ್ಚರ ಬೇಕು.

ಬಿಡಬೇಕಾದ ಅಭ್ಯಾಸಗಳು

ತೋಟಗಳಲ್ಲಿ ನಾವು ಕಾಣುತ್ತಿರುವ ಕೆಲವು ಅಭ್ಯಾಸಗಳನ್ನು ಇಲ್ಲಿ ಹೇಳಬೇಕಾಗಿದೆ.

ಒಂದು: ಕರೆಂಟಿನ ಕಟ್ಟರಿನಿಂದ ಶೀಟು ಕೊಯ್ಯುವುದು. ಇದಕ್ಕಿಂತ ಹೆಚ್ಚು ಧೂಳೆಬ್ಬಿಸುವ ಉಪಾಯ ಬೇರೆ ಇಲ್ಲ.

ಎರಡು: ಪಾಚಿ ತೆಗೆಯಲು ತಂತಿ ಬ್ರಷ್ಷು ಹಿಡಿಯುವುದು, ಇಲ್ಲವೆ ಬೋರ್ಡೋ ಸಿಂಪಡಿಸುವ ಪಂಪಿನ ಜೋರು ನೀರು ಬಿಡುವುದು. ನೀರು ಬಿದ್ದರೂ ಆ ಒತ್ತಡಕ್ಕೆ ಸವೆದ ಮೇಲ್ಮೈ ಕಿತ್ತುಬಂದು ಅಂಗಳದ ತುಂಬ ಹರಡುತ್ತದೆ. ಒಣಗಿದ ಮೇಲೆ ಧೂಳಾಗುತ್ತದೆ.

ಮೂರು: ಒಡೆದ ಚೂರುಗಳನ್ನು ಕೆಸರಾದ ದಾರಿಗೆ ತುಂಬುವುದು, ಚರಂಡಿಗೆ ಮುಚ್ಚುವುದು, ಸಸಿಮಡಿಗೆ ಅಂಚು ಕಟ್ಟುವುದು. ಜೀಪಿನ ಚಕ್ರದಡಿ ಈ ಚೂರು ದಿನವೂ ಅರೆದು ಪುಡಿಯಾಗುತ್ತದೆ. ಆ ದಾರಿಯಲ್ಲಿಯೇ ನಮ್ಮ ಮಕ್ಕಳು ಶಾಲೆಗೆ ಹೋಗುತ್ತವೆ.

ನಾಲ್ಕು: ಅಡಿಕೆ ಒಲೆಗೂ ಬಚ್ಚಲ ಒಲೆಗೂ ಚೂರು ಶೀಟನ್ನು ಮರೆ ಕಟ್ಟುವುದು, ಇಲ್ಲವೆ ಕಸದೊಡನೆ ಬೆಂಕಿಗೆ ಹಾಕುವುದು. ಬಿಸಿಗೆ ಶೀಟು ಸಿಡಿಯುತ್ತದೆ. ಸಿಡಿದ ಚೂರು ಕಣ್ಣಿಗೂ ಅಪಾಯ, ಎದೆಗೂ ಅಪಾಯ.

ಐದು: ಹಳೆಯ ಜೀಪಿನ ಬ್ರೇಕ್ ಡ್ರಮ್ಮಿನ ಧೂಳನ್ನು ಬಾಯಿಂದಲೋ ಗಾಳಿಪಂಪಿನಿಂದಲೋ ಊದುವುದು. ಹಳೆಯ ಬ್ರೇಕ್ ಲೈನಿಂಗಿನಲ್ಲಿ ಕಲ್ನಾರು ಇರುತ್ತಿತ್ತು. ಹಳೆಯ ಡ್ರೈಯರು ಮತ್ತು ಬಾಯ್ಲರುಗಳ ಹಗ್ಗ, ಗ್ಯಾಸ್ಕೆಟ್ಟುಗಳಲ್ಲಿಯೂ ಇರಬಹುದು. ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯುವುದು ಕ್ರಮ.

ಆರು: ಬರಿಗಾಲಿನಲ್ಲಿ ಶೀಟಿನ ಮೇಲೆ ನಡೆಯುವುದು. ಇದಕ್ಕೆ ಮೂವತ್ತು ವರ್ಷ ಕಾಯಬೇಕಾಗಿಲ್ಲ. ಮುದಿ ಶೀಟು ಮುರಿದು ಕೆಳಗೆ ಬಿದ್ದವನ ಜೀವ ಆ ಕ್ಷಣದಲ್ಲೇ ಹೋಗಬಹುದು. ಎರಡು ಮೂರು ತೊಲೆಗೆ ತಾಗುವಷ್ಟು ಉದ್ದದ ಹಲಗೆ ಹಾಸದೆ ಯಾರೂ ಶೀಟಿನ ಮೇಲೆ ಕಾಲಿಡಬಾರದು.

ಹಾಗಾದರೆ ಏನು ಮಾಡಬೇಕು?

ಶೀಟು ಗಟ್ಟಿಯಾಗಿದ್ದರೆ ಹಾಗೆಯೇ ಬಿಡುವುದು ಮೊದಲ ಆಯ್ಕೆ. ವರ್ಷಕ್ಕೊಮ್ಮೆ, ಮಳೆಗೆ ಮುಂಚೆ, ಕೆಳಗಿನಿಂದ ನೋಡಿ ಬಿರುಕಿದೆಯೇ ಎಂದು ಗುರುತು ಮಾಡಿಟ್ಟುಕೊಳ್ಳಿ. ಮೇಲೆ ಬಾಗಿದ ಸಿಲ್ವರ್ ಓಕಿನ ಕೊಂಬೆಗಳನ್ನು ಮೊದಲೇ ಕಡಿಸಿ. ಸೂರಿನ ದೋಣಿಯಲ್ಲಿ ಕುಳಿತ ಮಣ್ಣನ್ನು ಒಣಗಿಸಿ ಗುಡಿಸಬೇಡಿ. ಒದ್ದೆಯಿರುವಾಗಲೇ ಕರಣೆಯಿಂದ ಎತ್ತಿ ಚೀಲಕ್ಕೆ ತುಂಬಿರಿ.

ಮೇಲ್ಮೈ ಮಾತ್ರ ಸವೆದಿದ್ದು ಶೀಟು ಬಲವಾಗಿದ್ದರೆ, ಉಜ್ಜದೆ, ಸಿಮೆಂಟಿಗೆ ಹೊಂದುವ ಅಕ್ರಿಲಿಕ್ ಬಣ್ಣವನ್ನು ಎರಡು ಸಲ ಬಳಿದು ನಾರನ್ನು ಮುಚ್ಚಬಹುದು. ರೋಲರು ಅಥವಾ ಕಡಿಮೆ ಒತ್ತಡದ ಸಿಂಪರಣೆ ಸಾಕು.

ಒಡೆದಿದ್ದರೆ, ಜೋತುಬಿದ್ದಿದ್ದರೆ ಇಳಿಸಲೇಬೇಕು. ಈ ಕೆಲಸಕ್ಕೆ ತರಬೇತಾದವರು ಸಿಕ್ಕುವಂತಿದ್ದರೆ ಅವರಿಗೇ ಒಪ್ಪಿಸುವುದು ಒಳಿತು. ನಮ್ಮವರೇ ಒಂದೆರಡು ಶೀಟು ಇಳಿಸಬೇಕಾಗಿ ಬಂದರೆ ಕ್ರಮ ಹೀಗಿರಲಿ:

1. ಗಾಳಿಯಿಲ್ಲದ ದಿನ ಆರಿಸಿ. ಕೆಳಗಿರುವ ಕಾಫಿ, ಅಡಿಕೆ, ಹಿಂಡಿ, ಮೇವು, ಹಾಸಿಗೆ ಎಲ್ಲವನ್ನೂ ಮೊದಲು ಹೊರಗೆ ಸಾಗಿಸಿ. ಮಕ್ಕಳು, ದನಕರುಗಳು ಹತ್ತಿರ ಸುಳಿಯಬಾರದು.

2. ಮುಖಕ್ಕೆ ಸುತ್ತಿದ ಟವೆಲು ಈ ಧೂಳನ್ನು ತಡೆಯದು. ಕೀಟನಾಶಕಕ್ಕೆ ಬಳಸುವ, ಬರೀ ಅನಿಲ ತಡೆಯುವ ಡಬ್ಬಿಯ ಮುಖವಾಡವೂ ಇದಕ್ಕಲ್ಲ. ಎಫ್‌ಎಫ್‌ಪಿ3 ದರ್ಜೆಯ ಮುಖವಾಡ ಅಥವಾ ಪಿ100 ಫಿಲ್ಟರಿನ ಅರ್ಧ ಮುಖವಾಡ ಬೇಕು. ಗಡ್ಡವಿದ್ದರೆ ಅದು ಮುಖಕ್ಕೆ ಸರಿಯಾಗಿ ಕೂರುವುದಿಲ್ಲ.

3. ಚೆನ್ನಾಗಿ ತೊಳೆದ ಬೆನ್ನಿನ ಸ್ಪ್ರೇಯರಿನಲ್ಲಿ ನೀರಿಗೆ ಸ್ವಲ್ಪ ಪಾತ್ರೆ ತೊಳೆಯುವ ಸೋಪು ಬೆರೆಸಿ ಶೀಟಿನ ಎರಡೂ ಬದಿಗೆ ಮಂಜಿನಂತೆ ಸಿಂಪಡಿಸಿ. ಬೋರ್ಡೋ ದ್ರಾವಣ ಗೊನೆಗೆ ಅಂಟಲೆಂದು ರಾಳದ ಸೋಪು ಸೇರಿಸುವ ನಮಗೆ ಇದರ ತತ್ತ್ವ ಹೊಸದಲ್ಲ; ಸೋಪು ಇದ್ದರೆ ನೀರು ಧೂಳಿನೊಳಕ್ಕೆ ಇಳಿಯುತ್ತದೆ. ಒದ್ದೆ ಶೀಟು ಜಾರುತ್ತದೆ. ಆದುದರಿಂದ ಏಣಿಯ ಮೇಲಿಂದಲೋ ಕೆಳಗಿನಿಂದಲೋ ಸಿಂಪಡಿಸಿ, ಮೇಲೆ ನಿಂತಲ್ಲ.

4. ತುಕ್ಕು ಹಿಡಿದ ಜೆ ಬೋಲ್ಟನ್ನು ಕತ್ತರಿಸಿ, ಶೀಟನ್ನಲ್ಲ. ಸುತ್ತಿಗೆಯಿಂದ ಬಡಿಯಬೇಡಿ. ಶೀಟನ್ನು ಇಡಿಯಾಗಿ, ಇಬ್ಬರು ಹಿಡಿದು ಇಳಿಸಿ. ಮೇಲಿನಿಂದ ಕೆಡವಬೇಡಿ.

5. ಕೆಳಗೆ ದಪ್ಪ ಪ್ಲಾಸ್ಟಿಕ್ ಹಾಸಿ, ಅದರ ಮೇಲೆ ಜೋಡಿಸಿ, ಎರಡು ಸುತ್ತು ಸುತ್ತಿ, ಟೇಪು ಹಚ್ಚಿ, ಕಲ್ನಾರು ಎಂದು ದಪ್ಪಕ್ಷರದಲ್ಲಿ ಬರೆಯಿರಿ. ಈ ಪ್ಲಾಸ್ಟಿಕ್ಕನ್ನು ಅಥವಾ ಟಾರ್ಪಾಲನ್ನು ಮತ್ತೆ ಕಾಫಿ ಒಣಗಿಸಲು, ಅಡಿಕೆ ಹರವಲು ಎಂದಿಗೂ ಬಳಸಬಾರದು.

6. ಉದುರಿದುದನ್ನು ಪೊರಕೆಯಿಂದ ಗುಡಿಸಬೇಡಿ. ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನೂ ಅದೇ ಕಟ್ಟಿಗೆ ಸೇರಿಸಿ.

7. ಕೆಲಸದ ಬಟ್ಟೆಯಲ್ಲಿ ಮನೆಯೊಳಗೆ ಹೋಗಬೇಡಿ. ಅದನ್ನು ಕೊಡವದೆ ಒದ್ದೆ ಮಾಡಿ, ಬೇರೆಯಾಗಿ ಒಗೆಯಿರಿ. ಮೊದಲು ಸ್ನಾನ, ಆಮೇಲೆ ಊಟ ಮತ್ತು ಮಕ್ಕಳು.

ಇಳಿಸಿದ ಶೀಟನ್ನು ಹಳ್ಳಕ್ಕೋ ಕಾಡಂಚಿಗೋ ಎಸೆಯಬಾರದು. ಕೇಂದ್ರ ಸರ್ಕಾರದ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪಟ್ಟಿಯಲ್ಲಿ ಬಿಸಾಡಿದ ಕಲ್ನಾರಿನ ಹೆಸರಿದೆ. ಕೆಲಸ ಹಿಡಿಯುವ ಮೊದಲೇ ಗ್ರಾಮ ಪಂಚಾಯಿತಿಗೂ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಛೇರಿಗೂ ಬರೆದು ವಿಲೇವಾರಿಯ ಕ್ರಮ ಕೇಳಿಕೊಳ್ಳಿ. ಉತ್ತರ ಬರುವವರೆಗೆ ಕಟ್ಟಿಟ್ಟ ಶೀಟು ಮಳೆ ತಾಗದ ಮೂಲೆಯಲ್ಲಿರಲಿ.

ಬದಲಿ ಹೊದಿಕೆ

ವಾಸದ ಮನೆಗೆ ಮಂಗಳೂರು ಹಂಚಿಗೆ ಇಂದಿಗೂ ಸರಿಸಾಟಿಯಿಲ್ಲ. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಕಾರ್ಖಾನೆ ತೆರೆದಂದಿನಿಂದ ಅದು ನಮ್ಮ ಮಳೆಗೆ ಪರೀಕ್ಷೆ ಕೊಟ್ಟು ಗೆದ್ದಿದೆ. ಗೋದಾಮಿಗೆ ಸತು ಲೇಪಿಸಿದ ತಗಡು ಸುಲಭ. ಆದರೆ ಬಿಸಿಲಿಗೆ ಕಾಯುತ್ತದೆ, ಮಳೆಗೆ ಸದ್ದು ಮಾಡುತ್ತದೆ. ಚಳಿಗಾಲದ ಬೆಳಗಿನಲ್ಲಿ ಒಳಬದಿ ಬೆವರಿ ಕಾಫಿ ಮೂಟೆಯ ಮೇಲೆ ತೊಟ್ಟಿಕ್ಕದಂತೆ ಗಾಳಿಕಿಂಡಿ ಬಿಡಬೇಕು. ಕಲ್ನಾರಿನ ಬದಲು ಬೇರೆ ನಾರು ಹಾಕಿದ ಸಿಮೆಂಟ್ ಶೀಟುಗಳೂ ದೊರೆಯುತ್ತವೆ. ಕೊಳ್ಳುವಾಗ ಆಸ್ಬೆಸ್ಟಾಸ್ ರಹಿತ ಎಂದು ಬಿಲ್ಲಿನಲ್ಲಿಯೇ ಬರೆಸಿಕೊಳ್ಳಿ. ನೋಟದಿಂದ ಎರಡನ್ನೂ ಬೇರ್ಪಡಿಸಲಾಗದು. ಬರಹದ ಆಧಾರವಿಲ್ಲದ ಪ್ರತಿಯೊಂದು ಹಳೆಯ ಶೀಟನ್ನೂ ಕಲ್ನಾರಿನದೆಂದೇ ತಿಳಿಯುವುದು ಕ್ಷೇಮ.

ಕಾನೂನು ಮತ್ತು ನಮ್ಮ ಹೊಣೆ

ಬ್ರಿಟನ್ 1999ರಲ್ಲಿ, ಆಸ್ಟ್ರೇಲಿಯ 2003ರ ಕೊನೆಗೆ, ಐರೋಪ್ಯ ಒಕ್ಕೂಟ 2005ರಲ್ಲಿ, ನೆರೆಯ ನೇಪಾಳ 2015ರಲ್ಲಿ ಕಲ್ನಾರಿಗೆ ಬಾಗಿಲು ಮುಚ್ಚಿದವು. ನಮ್ಮ ದೇಶದಲ್ಲಿ ಹೊಸ ಗಣಿ ಗುತ್ತಿಗೆ ಕೊಡುವುದನ್ನು ಹಿಂದೆ ನಿಲ್ಲಿಸಲಾಗಿತ್ತು. ಆದರೆ ಹೊರಗಿನಿಂದ ತರಿಸಿದ ಬಿಳಿ ಕಲ್ನಾರಿನಿಂದ ಶೀಟು ಮಾಡಿ ಮಾರುವುದಕ್ಕೆ ನಿಷೇಧವಿಲ್ಲ. ಅಂಗಡಿಯಲ್ಲಿ ಮಾರುತ್ತಾರೆಂದ ಮಾತ್ರಕ್ಕೆ ಧೂಳು ನಿರಪಾಯವೆಂದು ತಿಳಿಯಬಾರದು.

ಸರ್ವೋಚ್ಚ ನ್ಯಾಯಾಲಯವು 1995ರ ಜನವರಿ 27ರಂದು ಕೊಟ್ಟ ತೀರ್ಪೊಂದನ್ನು ಇಲ್ಲಿ ನೆನೆಯಬೇಕು. ಕಲ್ನಾರು ಗಣಿ ಮತ್ತು ಕಾರ್ಖಾನೆಗಳ ಪ್ರತಿ ಕಾರ್ಮಿಕನ ಆರೋಗ್ಯದ ದಾಖಲೆಯನ್ನು ಕೆಲಸಕ್ಕೆ ಸೇರಿದಂದಿನಿಂದ ಕನಿಷ್ಠ 40 ವರ್ಷ, ಅಥವಾ ಕೆಲಸ ಬಿಟ್ಟ ಮೇಲೆ 15 ವರ್ಷ, ಯಾವುದು ಮುಂದಿನದೋ ಅಲ್ಲಿಯವರೆಗೆ ಇಡಬೇಕೆಂದು ಅದು ಆಜ್ಞಾಪಿಸಿತು. ಕಾಯಿಲೆ ಎಷ್ಟು ತಡವಾಗಿ ಬರುತ್ತದೆಂಬುದನ್ನು ನ್ಯಾಯಾಲಯ ಅರಿತಿದ್ದುದರಿಂದಲೇ ಈ 40 ವರ್ಷ. ನಮ್ಮ ತೋಟದಲ್ಲಿ ಅರ್ಧ ದಿನದ ಕೂಲಿಗೆ ಮಾಡು ಹತ್ತುವವನ ಹೆಸರು 40 ವರ್ಷವಿರಲಿ, ಆ ಸಂಜೆಯ ಲೆಕ್ಕದ ಪುಸ್ತಕದಲ್ಲಿ ಕೂಲಿಯ ಮೊತ್ತವಾಗಿ ಮಾತ್ರ ಉಳಿಯುತ್ತದೆ. ಶೀಟು ನಮ್ಮದು, ಕಟ್ಟಡ ನಮ್ಮದು, ಉಸಿರು ಮಾತ್ರ ಅವನದು. ಮುಖವಾಡದ ಖರ್ಚನ್ನೂ ಒಂದು ದಿನದ ನಿಧಾನವನ್ನೂ ಮಾಲೀಕನೇ ಹೊರಬೇಕೆಂಬುದು ನಮ್ಮ ಸ್ಪಷ್ಟ ಅಭಿಪ್ರಾಯ.

ಮನೆಯಲ್ಲಿ ಕುಳಿತು ಉತ್ತರಿಸಿಕೊಳ್ಳಬೇಕಾದ ಪ್ರಶ್ನೆಗಳು

1. ನಮ್ಮ ಜಾಗದಲ್ಲಿ ಕಲ್ನಾರು ಶೀಟಿನ ಕಟ್ಟಡಗಳು ಎಷ್ಟು? ಯಾವ ವರ್ಷ ಹೊದೆಸಿದ್ದು?
2. ಅವುಗಳಲ್ಲಿ ಬಿರುಕು ಬಿಟ್ಟ ಶೀಟುಗಳೆಷ್ಟು? ಯಾವುದರ ಕೆಳಗೆ ಜನ ಮಲಗುತ್ತಾರೆ?
3. ಒಡೆದ ಚೂರುಗಳು ದಾರಿಯಲ್ಲಿ, ಚರಂಡಿಯಲ್ಲಿ, ಒಲೆಯ ಬಳಿ ಎಲ್ಲೆಲ್ಲಿವೆ?
4. ಈ ವರ್ಷ ಮಾಡು ಹತ್ತುವವರು ಯಾರು? ಈ ವಿಷಯ ಅವರಿಗೆ ಗೊತ್ತಿದೆಯೇ?

ಒಬ್ಬೊಬ್ಬರ ಹತ್ತಿಪ್ಪತ್ತು ಶೀಟಿನ ವಿಲೇವಾರಿ ಕಷ್ಟ. ಹಲವು ಸದಸ್ಯರದು ಒಟ್ಟುಗೂಡಿದರೆ ಒಂದು ಲೋಡು ಆಗುತ್ತದೆ, ಮಂಡಳಿಯೊಡನೆ ವ್ಯವಹರಿಸುವುದೂ ಸುಲಭ. ಆದುದರಿಂದ ಮೊದಲ ಎರಡು ಪ್ರಶ್ನೆಗಳ ಉತ್ತರವನ್ನು ಒಂದು ಕಾರ್ಡಿನಲ್ಲಿ ಬರೆದು ಸಂಘದ ಕಛೇರಿಗೆ ತಲಪಿಸಬೇಕೆಂದು ಸದಸ್ಯರನ್ನು ಕೋರುತ್ತೇವೆ. ನಾಲ್ಕನೆಯ ಪ್ರಶ್ನೆಯ ಉತ್ತರವನ್ನು ಕಛೇರಿಗೆ ಕಳಿಸಬೇಕಾಗಿಲ್ಲ. ಅವರನ್ನು ಕೂರಿಸಿ, ಒಂದು ಲೋಟ ಕಾಫಿ ಕೊಟ್ಟು, ಈ ಪುಟವನ್ನು ಓದಿ ಹೇಳಿದರೆ ಸಾಕು.